ಮಾವನ ಸೈಕಲ್ಲಿನ ಹಿಂದೆ ಅತ್ತೆಯ ಕಾರು

ನಮ್ಮತ್ತೆ ಬಾಡಿಗೆ ಕಾರು ಓಡಿಸುವವಳು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಸ್ಟಿಯರಿಂಗ್ ಹಿಡಿದಳೆಂದರೆ ಸೈಕಲ್ಲಿನವರೆಲ್ಲ ಕಣ್ಣಿಲ್ಲದವರು, ನಡೆಯುವವರೆಲ್ಲ ಕೆಲಸವಿಲ್ಲದವರು. ಇಂಥವಳು ಕಟ್ಟಿಕೊಂಡದ್ದು ಬೀಗ ರಿಪೇರಿಯ ಮಾವನನ್ನು. ಅವರೋ, ಸೈಕಲ್ ಮೇಲೇ ಹುಟ್ಟಿದವರ ಹಾಗೆ.

"ನಿಮ್ಮ ಸೈಕಲ್ ಪಟಾಲಮ್ಮಿಂದಾನೇ ರಸ್ತೆ ಕೆಟ್ಟಿರೋದು ರೀ," ಎಂದು ಊಟಕ್ಕೆ ಕೂತಾಗ ಅತ್ತೆ ಶುರುಮಾಡುವಳು.

"ಒಬ್ಬಳು ಕೂರೋಕೆ ಒಂದು ರೂಮನ್ನೇ ಹೊತ್ಕೊಂಡು ತಿರುಗ್ತೀಯಲ್ಲೇ!" ಎನ್ನುವರು ಮಾವ.

ಅವರ ಮನೆಯಲ್ಲೇ ಬೆಳೆದ ನಾನು ಮಧ್ಯೆ ಕೂತು ಎರಡೂ ಕಡೆಗೆ ತಲೆಯಾಡಿಸುತ್ತಿದ್ದೆ.

ಒಂದು ದಿನ ರಸ್ತೆ ಬದಿಯಲ್ಲಿ ನಿಂತಿದ್ದ ಕಾರಿನವರು ಯಾರೋ ಹಿಂದೆ ನೋಡದೆ ಬಾಗಿಲು ತೆರೆದರು. ಸೈಕಲ್ಲಿನಲ್ಲಿ ಬರುತ್ತಿದ್ದ ಮಾವ ಅದಕ್ಕೆ ಬಡಿದು ಹಾರಿಬಿದ್ದರು. ಮುರಿದ ಕೈ ಕೂಡಿಕೊಂಡಿತು, ಧೈರ್ಯ ಕೂಡಲಿಲ್ಲ. ಬೀಗ ತೆಗೆಯಲು ಯಾರಾದರೂ ಕರೆದರೆ "ಮೈ ಸರಿಯಿಲ್ಲ" ಎನ್ನುವರು. ಕಾರಲ್ಲಿ ಬಿಡ್ತೀನಿ ಎಂದು ಅತ್ತೆ ಹೇಳಿದರೂ ಒಲ್ಲರು. ಕಿಟಕಿಯ ಬಳಿ ಕೂತು ಒಂದೇ ಕೀಲಿಯನ್ನು ಅರದಿಂದ ತೀಡಿದ್ದೇ ತೀಡಿದ್ದು. ಊಟದ ಹೊತ್ತಿನ ಜಗಳವೂ ನಿಂತುಹೋಯಿತು. ಅತ್ತೆಗೆ ಅದೊಂದನ್ನು ಮಾತ್ರ ತಡೆಯಲಾಗಲಿಲ್ಲ.

"ಏಳಿ, ಸೈಕಲ್ ಹತ್ತಿ," ಎಂದಳು ಒಂದು ಬೆಳಿಗ್ಗೆ. "ನಿಮ್ಮ ಹಿಂದೆ ನಾನಿರ್ತೀನಿ. ನನ್ನ ದಾಟ್ಕೊಂಡು ಯಾವನು ಬರ್ತಾನೋ ನೋಡೇಬಿಡೋಣ!"

ಅಂದಿನಿಂದ ಮುಂದೆ ಮಾವನ ಸೈಕಲ್ಲು, ಹಿಂದೆ ಅತ್ತೆಯ ಕಾರು, ಅದರ ಹಿಂದೆ ಊರಿಗೆ ಊರೇ. ಹಾರ್ನುಗಳು ಬಾಯಿ ಬಡಿದುಕೊಳ್ಳುತ್ತಿದ್ದವು. ಅತ್ತೆ ಕಿವುಡಿಯಾಗಿಬಿಟ್ಟಿದ್ದಳು. ಕೆಲಸಕ್ಕೆ ಹೊರಟ ನಾನು ಹಿಂದಿನ ಸೀಟಿನಲ್ಲಿ ತೂಗುತ್ತ, ಅದೇ ರಸ್ತೆಯನ್ನು ಹೊಸದಾಗಿ ನೋಡುತ್ತಿದ್ದೆ. ದರ್ಜಿ ಸೂಜಿಗೆ ದಾರ ಪೋಣಿಸುವುದು ಕಾಣಿಸುತ್ತಿತ್ತು. ಇಸ್ತ್ರಿ ಅಂಗಡಿಯ ಹಬೆ ಒಳಗೆ ಬಂದು ಮುಖಕ್ಕೆ ತಾಗುತ್ತಿತ್ತು. ಎಲೆಗಳ ನೆರಳು ಮಾವನ ಬೆನ್ನಿನ ಮೇಲೆ ಹರಿದು, ಬಾನೆಟ್ಟು ಹತ್ತಿ, ನನ್ನ ಮಡಿಲಿಗೆ ಇಳಿಯುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ನಡೆಯುವವರೇ ನಮ್ಮನ್ನು ದಾಟಿ ಹೋಗುತ್ತಿದ್ದರು. ಒಬ್ಬ ಅಜ್ಜಿಯಂತೂ ಕಿಟಕಿಯೊಳಗೆ ಬಗ್ಗಿ, "ಪೆಟ್ರೋಲ್ ಮುಗೀತೇನೇ ತಾಯಿ?" ಎಂದು ಕೇಳಿದಳು.

ಮೊದಮೊದಲು ಮಾವ ಗಳಿಗೆಗೊಮ್ಮೆ ಹಿಂದೆ ತಿರುಗಿ, ಕಾರು ಇದೆಯೇ ಎಂದು ನೋಡುತ್ತಿದ್ದರು. ಬರಬರುತ್ತ ಅದು ಕಡಿಮೆಯಾಯಿತು. ಒಂದು ಬೆಳಿಗ್ಗೆ ತಿರುಗದೆಯೇ ಬಲಗೈ ಚಾಚಿ, ಮುಂದೆ ಹೋಗು ಎಂದು ಬೀಸಿದರು.

ಅತ್ತೆ ಹೋಗಲಿಲ್ಲ. ಮಾವ ಮತ್ತೆ ಬೀಸಿದರು.

ಅವಳು ಸರಿದು ಮುಂದೆ ಹೋದಳು. ತಿರುವಿನ ಆಚೆ ಕಾರು ನಿಲ್ಲಿಸಿ, ನನ್ನ ಕೈಹಿಡಿದು ದರದರ ಎಳೆದುಕೊಂಡು ಫುಟ್‌ಪಾತಿನ ಮೇಲೆ ನಿಂತಳು. ಇವಳು ಈ ರಸ್ತೆಯಲ್ಲಿ ಕಾಲಿಟ್ಟು ನಿಂತದ್ದನ್ನು ನಾನು ಕಂಡದ್ದೇ ಇಲ್ಲ.

"ಇಷ್ಟು ದಿನ ಬೆನ್ನು ನೋಡಿದ್ದೇ ಆಯ್ತು ಕಣೇ," ಎಂದಳು. "ಮುಖ ನೋಡ್ಬೇಕು."

ಮಾವ ಬಂದರು. ರಸ್ತೆ ದಾಟಲು ತಾಯಿಯೊಬ್ಬಳು ಮಗುವಿನ ಜೊತೆ ಕಾಯುತ್ತಿದ್ದಳು. ಮಾವ ಕೈ ಎತ್ತಿ ನಿಂತರು. ಅವರ ಹಿಂದೆ ಬರುತ್ತಿದ್ದ ಕಾರೂ ನಿಂತಿತು, ಅದರ ಹಿಂದಿನದೂ ನಿಂತಿತು. ತಾಯಿ ಮಗು ನಿಧಾನವಾಗಿ ದಾಟಿಕೊಂಡರು. ಮಾವ ಪೆಡಲ್ ತುಳಿದು, ಏನನ್ನೋ ಗುನುಗುತ್ತ ನಮ್ಮೆದುರೇ ಸಾಗಿದರು. ಅವರ ಮುಖದಲ್ಲಿ ಎಳ್ಳಷ್ಟೂ ಹೆದರಿಕೆಯಿರಲಿಲ್ಲ. ನಮ್ಮತ್ತ ನೋಡಲೂ ಇಲ್ಲ.

"ರೀ" ಎಂದು ಕೂಗಲು ಎತ್ತಿದ ಕೈಯನ್ನು ಅತ್ತೆ ಬಾಯಿಗೆ ಒತ್ತಿಕೊಂಡಳು.

"ನಾನಿಲ್ದೇನೂ ಹೋಗ್ತಾರೆ ನೋಡೇ," ಎಂದವಳು, ಅಲ್ಲೇ ಅಷ್ಟು ಜನರ ನಡುವೆ ಗೊಳೋ ಎಂದು ಅತ್ತುಬಿಟ್ಟಳು.