ಮೇಲಿನ ಮನೆ ಕೇಳಿದವಳು

ನನ್ನ ಯಜಮಾನರು ತೀರಿಕೊಂಡ ಮೇಲೆ ಕುಂದಗೋಳದ ನಮ್ಮ ಮನೆಯ ಮಹಡಿಯ ಎರಡು ಕೋಣೆಗಳು ಖಾಲಿ ಬಿದ್ದವು. ಯಾರಾದರೂ ಒಳ್ಳೆಯವರು ಬಾಡಿಗೆಗೆ ಬಂದರೆ ಮಾತಿಗಾದರೂ ಜೊತೆಯಾದೀತು ಎಂದು ನಾನು ಕಲಿಸುತ್ತಿದ್ದ ಶಾಲೆಯಲ್ಲಿ ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಆಗ ನಮ್ಮ ಹಳ್ಳಿ ಶಾಲೆಗೆ ಗಣಿತ ಕಲಿಸಲು ಒಬ್ಬ ಹುಡುಗಿ ಬಂದಳು. ಕಲಘಟಗಿ ತಾಲೂಕಿನ ತಂಬೂರು ಕಡೆಯವಳು, ಬೌದ್ಧರ ಮನೆಯವಳು. ಅದನ್ನು ಯಾರೂ ಕೇಳುವ ಮೊದಲೇ ಹೇಳಿದ್ದಳು. ಹುಬ್ಬಳ್ಳಿಯ ನೆಂಟರ ಮನೆಯಿಂದ ಓಡಾಡುತ್ತಿದ್ದಳು. ಕುಂದಗೋಳದಿಂದ ಮುಂದಕ್ಕೆ ನಮ್ಮಿಬ್ಬರದೂ ಒಂದೇ ಬಸ್ಸು. ಮಧ್ಯಾಹ್ನ ಒಂದೇ ಬೆಂಚು. ಅವಳ ಪುಂಡಿಪಲ್ಯ ನನ್ನ ರೊಟ್ಟಿಯ ಮೇಲಿರುತ್ತಿತ್ತು, ನನ್ನ ಶೇಂಗಾ ಚಟ್ನಿ ಅವಳ ಡಬ್ಬಿಯಲ್ಲಿ. ದಿನಾ ಲಿಂಗಪೂಜೆ ತಪ್ಪದ ಮನೆ ನಮ್ಮದು. ಶಿವನ ಮುಂದೆ ಮೇಲು ಕೀಳಿಲ್ಲ ಎಂದು ಮಕ್ಕಳಿಗೆ ಹೇಳುವಾಗ ನನ್ನ ದನಿ ಏರುತ್ತಿತ್ತು. ನಂಬಿಯೇ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವಳು ಕೇಳಿದಳು: "ಅಕ್ಕಾರ, ನಿಮ್ಮ ಮ್ಯಾಲಿನ ಮನಿ ನನಗ ಕೊಡ್ರಿ. ಹುಬ್ಬಳ್ಳಿಯಿಂದ ಓಡ್ಯಾಡಿ ಸಾಕಾಗೇತಿ."

"ಅಯ್ಯ, ನಿನ್ನೆನ ನಮ್ಮ ಮೈದುನನ ಮಗಗ ಮಾತ ಕೊಟ್ಟೇನವಾ."

ಯೋಚಿಸುವ ಮೊದಲೇ ಬಂದ ಮಾತು ಅದು. ಯಾರಿಗೂ ಮಾತು ಕೊಟ್ಟಿರಲಿಲ್ಲ.

"ಇರಲಿ ಬಿಡ್ರಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ದಿನದಿಂದ ಅವಳಲ್ಲಿ ನನಗೆ ತಪ್ಪುಗಳು ಕಾಣತೊಡಗಿದವು. ಅವಳು ನಗುವುದು ಜೋರಾಯಿತು. ಫೋನಿನಲ್ಲಿ ಮಾತು ಹೆಚ್ಚಾಯಿತು. ಹಲಗೆ ಒರೆಸದೆ ಹೋಗುತ್ತಾಳೆ ಅನ್ನಿಸಿತು. ಇಂಥವಳು ಮನೆಗೆ ಬಂದಿದ್ದರೆ ನನ್ನ ನೆಮ್ಮದಿ ಹೋಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಾನಾಡಿದ ಸುಳ್ಳಿಗೆ ಅವಳಲ್ಲಿ ಕಾರಣ ಹುಡುಕುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ. ನೋಟ್‌ಬುಕ್ ತಿದ್ದುವ ನೆಪದಲ್ಲಿ ನನ್ನ ತರಗತಿಯಲ್ಲೇ ಒಬ್ಬಳೇ ಉಣ್ಣತೊಡಗಿದೆ.

ಅವಳು ಕುಂದಗೋಳದಲ್ಲೇ ಸ್ಟೇಷನ್ ಹತ್ತಿರ ಒಬ್ಬ ಟೇಲರ್ ಮನೆಯಲ್ಲಿ ಬಾಡಿಗೆಗೆ ನಿಂತಳು. ಕೆಲವು ತಿಂಗಳ ನಂತರ ಒಂದು ರವಿವಾರ, ತಂಗಿಯ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಳು. ಮಹಡಿಯ ಬಾಗಿಲಿಗೆ ಬೀಗ ಹಾಕಿದ್ದು ಅಂಗಳದಿಂದಲೇ ಕಾಣುತ್ತಿತ್ತು.

"ಮೈದುನನ ಮಗಾ ಬರಲಿಲ್ಲೇನ್ರಿ?"

"ಯಾರೂ ಬರೋರಿದ್ದಿಲ್ಲವಾ. ನಾ ಸುಳ್ಳ ಹೇಳಿದ್ನಿ."

"ಅದು ಅವತ್ತ ಗೊತ್ತಾತ್ರಿ. ನಮಗ ಮನಿ ಇಲ್ಲನ್ನೋರು ಹೊಸಬರಲ್ಲ," ಎಂದಳು. ಸಿಟ್ಟಿರಲಿಲ್ಲ. "ಆದ್ರ ನೀವು ಬಾಜು ಕೂತು ಉಣ್ಣೂದೂ ಬಿಟ್ರಲ್ಲಾ, ಅದು ತಿಳೀಲಿಲ್ಲ. ನಾ ಏನ್ ತಪ್ಪ ಮಾಡೀನಿ ಅಂತ ಭಾಳ ದಿನಾ ವಿಚಾರ ಮಾಡಿದ್ನಿ."

ನನಗೆ ಅವಳ ಮುಖ ನೋಡಲಾಗಲಿಲ್ಲ. "ಈಗರೆ ಬಾ. ಮನಿ ಖಾಲಿನ ಐತಿ," ಎಂದೆ.

"ಬ್ಯಾಡ್ರಿ ಅಕ್ಕಾರ. ಅಲ್ಲೆ ಹೊಂದ್ಕೊಂಡೇನಿ."

ಮದುವೆಗೆ ಹೋದೆ. ಅವಳೇ ಕೈಯಾರೆ ಬಡಿಸಿದಳು, ಉಳಿದ ಅತಿಥಿಗಳಿಗೆ ಬಡಿಸಿದಷ್ಟೇ ಪ್ರೀತಿಯಿಂದ. ಮರುವರ್ಷ ಅವಳಿಗೆ ಕಲಘಟಗಿ ತಾಲೂಕಿಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ಎರಡು ಮಾತಾಡಲು ನನ್ನನ್ನೇ ಎಬ್ಬಿಸಿದರು. ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಕುಳಿತೆ.

ಹಬ್ಬಕ್ಕೆ ಅವಳ ಮೆಸೇಜು ಬರುತ್ತದೆ, ನಾನೂ ಕಳಿಸುತ್ತೇನೆ. ಮಾತಾಡೋಣವೆಂದು ಎಷ್ಟೋ ಸಂಜೆ ಫೋನು ಕೈಗೆತ್ತಿಕೊಂಡಿದ್ದೇನೆ. ಮೊದಲ ಮಾತು ಯಾವುದೆಂದು ತಿಳಿಯದೆ ಕೆಳಗಿಟ್ಟಿದ್ದೇನೆ.