ಗೊತ್ತಿಲ್ಲದವರ ಕುರ್ಚಿ

ಮೇಷ್ಟ್ರಿಗೆ ಪಾಠ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಗೋಡೆಗೆ ಮೊಳೆ ಹೊಡೆಯಿರಿ ಎಂದರೆ ಮೊಳೆಗೊಂದು ಪೆಟ್ಟು, ಬೆರಳಿಗೆ ನಾಲ್ಕು. ತರಕಾರಿ ತರಲು ಕಳಿಸಿದರೆ ಹಳೇ ಶಿಷ್ಯ ಯಾರೋ ಸಿಕ್ಕಿ, ಖಾಲಿ ಚೀಲ ಹಿಡಿದು ವಾಪಸ್.

ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟ್ಯೂಷನ್. ಉದ್ದನೆಯ ಒಂದೇ ಕೋಣೆ, ಬೆಂಚುಗಳು, ಕಪ್ಪು ಹಲಗೆ, ಕೆಳಗಿನಿಂದ ಏರಿ ಬರುವ ರಬ್ಬರ್ ವಾಸನೆ. ಲೆಕ್ಕದಲ್ಲಿ ಫೇಲಾದವರೆಲ್ಲ ಅಲ್ಲಿಗೇ ಬರುತ್ತಿದ್ದರು. ಬುದ್ಧಿವಂತರು ಬಂದರೆ ಮೇಷ್ಟ್ರಿಗೆ ಬೇಜಾರು. "ನಿಂಗೆ ನಾನ್ಯಾಕಪ್ಪ? ಪುಸ್ತಕ ಸಾಕು, ಹೋಗು" ಎಂದು ಮೆಟ್ಟಿಲು ತೋರಿಸುತ್ತಿದ್ದರು.

ಅವರ ಪಾಠದ ಗುಟ್ಟು ದೊಡ್ಡದೇನಲ್ಲ. "ಅರ್ಥ ಆಯ್ತಾ?" ಎಂದು ಅವರು ಯಾವತ್ತೂ ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ. ಅವರು ಮುಖ ನೋಡುತ್ತಿದ್ದರು. ಎಲ್ಲಿ ಒಂದು ಹುಬ್ಬು ಗಂಟಾಯಿತೋ ಅಲ್ಲಿ ನಿಲ್ಲುತ್ತಿದ್ದರು. ಹುಬ್ಬು ಸಡಿಲವಾಗುವ ತನಕ ಅದನ್ನೇ ಹೇಳುತ್ತಿದ್ದರು. ಮುಂದಿನ ಬೆಂಚಿನವರು ಆಕಳಿಸಿದರೆ ಆಕಳಿಸಲಿ.

ಎದುರು ಬೀದಿಯಲ್ಲಿ ದೊಡ್ಡ ಕೋಚಿಂಗ್ ಸೆಂಟರ್ ಬಂತು. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ರ‍್ಯಾಂಕ್ ಬಂದವರ ಆಳೆತ್ತರದ ಫೋಟೋ. ಬೆಂಚುಗಳು ಹಿಂದಿನಿಂದ ಖಾಲಿಯಾಗುತ್ತ ಬಂದವು. ಆಮೇಲೆ ಟಯರ್ ಅಂಗಡಿಯವನು ಮಹಡಿ ತನಗೇ ಬೇಕು, ಗೋದಾಮು ಮಾಡಬೇಕು ಎಂದ. ಮೇಷ್ಟ್ರು ಕಪ್ಪು ಹಲಗೆಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದರು. ಬೆಂಚುಗಳನ್ನು ಅಲ್ಲೇ ಬಿಟ್ಟರು.

ಹೆಂಡತಿಯ ತಮ್ಮನಿಗೆ ಹಾರ್ಡ್‌ವೇರ್ ಅಂಗಡಿ ಇತ್ತು. ಮರುದಿನವೇ ಬಂದ.

"ಭಾವ, ನಮ್ಮ ಅಂಗಡೀಲಿ ಒಂದು ಕುರ್ಚಿ ಖಾಲಿ ಇದೆ. ನಟ್ಟು ಬೋಲ್ಟಿಗೂ ಲೆಕ್ಕ ಬೇಕಲ್ಲ."

"ನಟ್ಟು ಬೋಲ್ಟು ಫೇಲಾಗಲ್ಲವಲ್ಲೋ" ಎಂದರು ಮೇಷ್ಟ್ರು.

ನಗುತ್ತಲೇ ಹೇಳಿದರು. ಆದರೆ ಅವತ್ತು ಊಟ ಅರ್ಧಕ್ಕೇ ಬಿಟ್ಟರು. ಹೆಂಡತಿ ನೋಡಿದಳು. ಈ ಮನುಷ್ಯ ಆ ಕುರ್ಚಿಯಲ್ಲಿ ಕೂತರೆ ಉಸಿರಾಡುತ್ತಾನೆ ಅಷ್ಟೇ, ಬದುಕುವುದಿಲ್ಲ ಎಂದು ಅವಳಿಗೆ ತಿಳಿಯಿತು.

ದಾರಿ ತೋರಿಸಿದವನು ಗಡಿಯಾರ. ಅವನೂ ಮೇಷ್ಟ್ರ ಹಳೇ ಶಿಷ್ಯನೇ. ಕ್ಲಾಸಿನಲ್ಲಿ ಬರೀ ಗೋಡೆ ಗಡಿಯಾರ ನೋಡುತ್ತಿದ್ದ ಎಂದು ಆ ಹೆಸರು. ಈಗ ಮೊಬೈಲ್ ರಿಪೇರಿ ಅಂಗಡಿ, ಹೆಂಡತಿ, ಎರಡು ಮಕ್ಕಳು, ಸಣ್ಣ ಹೊಟ್ಟೆ.

"ಸಾರ್, ಫೋನಲ್ಲಿ ಪಾಠ ಮಾಡಿ. ನಾನು ವಿಡಿಯೋ ಮಾಡ್ತೀನಿ. ನಿಮ್ಮಂಥ ಮೇಷ್ಟ್ರು ಸಿಗದೇ ಇರೋ ಕಡೆಗೆಲ್ಲ ಹೋಗುತ್ತೆ."

ಮನೆಯ ಹಿಂದಿನ ಕೋಣೆಗೆ ಹಲಗೆ ಸಿಕ್ಕಿಸಿದರು. ಬೀದಿ ಸದ್ದು ಬಾರದಿರಲೆಂದು ಕಿಟಕಿಗೆ ಕಂಬಳಿ ಕಟ್ಟಿದರು. ಫ್ಯಾನ್ ಸದ್ದು ಮಾಡುತ್ತದೆಂದು ಅದನ್ನೂ ಆರಿಸಿದರು. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತರು. ಒಂದು ಗಂಟೆಯ ಪಾಠ ಕಾಲು ಗಂಟೆಗೆ ಮುಗಿಯಿತು. ಎದುರಿಗೆ ಹುಬ್ಬೇ ಇಲ್ಲ, ನಿಲ್ಲುವುದು ಎಲ್ಲಿ? ಲಗಾಮಿಲ್ಲದ ಕುದುರೆಯ ಹಾಗೆ ಓಡಿಬಿಟ್ಟಿದ್ದರು.

ವಿಡಿಯೋ ನೋಡಿದ ಒಬ್ಬ ಹುಡುಗ ಅದರ ಕೆಳಗೆ ಬರೆದಿದ್ದ: "ಸಾರ್, ಬಸ್ ತಪ್ಪಿ ಹೋಗುತ್ತಾ ನಿಮಗೆ?"

ಮೇಷ್ಟ್ರು ಅದನ್ನು ಓದಿ ಫೋನು ಕವುಚಿಟ್ಟರು. "ಗೋಡೆಗೆ ಪಾಠ ಹೇಳೋಕೆ ನಂಗೆ ಬರಲ್ಲ ಕಣೋ. ನಿನ್ನ ಭಾವಮೈದುನನ ಅಂಗಡೀಗೇ ಹೋಗ್ತೀನಿ."

"ಅವನು ನಿಮ್ಮ ಭಾವಮೈದುನ ಸಾರ್."

"ಯಾರದಾದರೇನು!"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದಳು. ಯಂತ್ರದ ಕೆಲಸ ಮುಗಿದು ಗುಂಡಿ ಹಾಕುವುದು ಉಳಿದಿತ್ತು. ಅಂಗಿಗಳ ರಾಶಿ ಹಿಡಿದುಕೊಂಡು ಬಂದು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಳು.

"ನಂಗೆ ಹೇಳಿ. ನಾನು ಗುಂಡಿ ಹಾಕ್ತಾ ಕೇಳ್ತೀನಿ."

"ನೀನು ಐದನೇ ಕ್ಲಾಸಿಗೇ ಬಿಟ್ಟವಳು ಕಣೇ ಇವಳೇ."

"ಅದಕ್ಕೇ."

ಮೇಷ್ಟ್ರು ಶುರು ಮಾಡಿದರು. ಅವಳು ತಲೆ ಎತ್ತುತ್ತಿರಲಿಲ್ಲ, ಹುಬ್ಬು ಕಾಣುತ್ತಿರಲಿಲ್ಲ. ಆದರೆ ಕೈ ಕಾಣುತ್ತಿತ್ತು. ಪಾಠ ತಲೆಗೆ ಹೋಗುತ್ತಿದ್ದರೆ ಸೂಜಿ ಓಡುತ್ತಿತ್ತು. ಹೋಗದಿದ್ದರೆ ಸೂಜಿ ಬಟ್ಟೆಯಲ್ಲೇ ನಿಲ್ಲುತ್ತಿತ್ತು. ಅವಳಿಗೇ ಅದು ಗೊತ್ತಿರಲಿಲ್ಲ. ಮೇಷ್ಟ್ರು ಹೇಳಲೂ ಇಲ್ಲ. ಸೂಜಿ ನೋಡಿಕೊಂಡು ಪಾಠ ಮಾಡಿದರು.

ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಎಂದಾಗ ಸೂಜಿ ನಿಂತಿತು. ಮೇಷ್ಟ್ರು ಹಾಗೆ ಹೇಳಿ ನೋಡಿದರು, ಹೀಗೆ ಹೇಳಿ ನೋಡಿದರು. ಸೂಜಿ ಅಲುಗಲಿಲ್ಲ. ಕೊನೆಗೆ ಗಡಿಯಾರನನ್ನು ಕರೆದು, "ನಾನು ಹಿಂದೆ ಹಿಂದೆ ನಡೀತೀನಿ, ವಿಡಿಯೋ ತೆಗಿ. ಆಮೇಲೆ ಅದನ್ನ ಉಲ್ಟಾ ಓಡಿಸು" ಎಂದರು. ಅಡುಗೆಮನೆಯಿಂದ ಬೀದಿ ಬಾಗಿಲ ತನಕ ಹಿಮ್ಮುಖ ನಡೆದರು. ಪಕ್ಕದ ಮನೆಯಾಕೆ, "ಏನಾಯ್ತ್ರೀ ಇವರಿಗೆ?" ಎಂದು ಕೇಳಿಯೂ ಬಿಟ್ಟಳು. ವಿಡಿಯೋ ಉಲ್ಟಾ ಓಡಿಸಿದಾಗ ಮೇಷ್ಟ್ರು ಮುಂದೆ ನಡೆಯುತ್ತಿದ್ದರು.

"ಹಿಂದಕ್ಕೆ ನಡೆದದ್ದು ಒಂದು ಮೈನಸ್. ಉಲ್ಟಾ ಓಡಿಸಿದ್ದು ಇನ್ನೊಂದು. ಎರಡೂ ಸೇರಿ?"

"ಮುಂದಕ್ಕೆ!" ಎಂದಳು ಅವಳು. ಸೂಜಿ ಓಡಿತು.

ಆ ಪಾಠ ಊರೂರು ಸುತ್ತಿತು. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವವನು ಗಾಡಿ ಬಾರದ ಹೊತ್ತಿನಲ್ಲಿ ನೋಡಿದ. ಮಗುವಿಗೆ ಹಾಲೂಡಿಸುತ್ತ ಪರೀಕ್ಷೆಗೆ ಓದುವ ತಾಯಿ ನೋಡಿದಳು. ಎಲ್ಲಿಯವರೋ ಏನೋ, ಮೇಷ್ಟ್ರನ್ನು ಕಂಡವರಲ್ಲ. ಗಡಿಯಾರ ತನ್ನ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಇಲ್ಲಿಗೇ ಬಂದ. ಆ್ಯಪ್ ಆಯಿತು. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಸೇರುವ ವ್ಯವಸ್ಥೆ ಆಯಿತು. ಉತ್ತರ ತಿದ್ದಲು, ಫೋನು ಎತ್ತಲು ಜನ ಬಂದರು. ಪಕ್ಕದ ಮನೆಯ ಮುಂದಿನ ಕೋಣೆಯೂ ಬಾಡಿಗೆಗೆ ಬಂತು. ಮೇಷ್ಟ್ರು ವ್ಯಾಪಾರಸ್ಥರಾದರು. ಹಾಗೆಂದರೆ ಅವರಿಗೇ ನಗು. ಯಾರಾದರೂ "ಬಿಸಿನೆಸ್ ಹೇಗಿದೆ?" ಎಂದರೆ ಗಡಿಯಾರನ ಕಡೆ ಬೆರಳು ತೋರಿಸುತ್ತಿದ್ದರು.

ಕೆಲವು ವರ್ಷ ಚೆನ್ನಾಗಿತ್ತು. ಆಮೇಲೆ ಜನ ಬಿಡತೊಡಗಿದರು. ಸೇರಿದವರು ಹೊಸ ಪಾಠ ಅರ್ಧ ನೋಡಿ ಎದ್ದು ಹೋಗುತ್ತಿದ್ದರು. ಗಡಿಯಾರ ಕ್ಯಾಮೆರಾ ಬದಲಾಯಿಸಿದ, ಬೆಳಕು ಹೆಚ್ಚಿಸಿದ. ಪಾಠ ಚಿಕ್ಕದು ಮಾಡಿ ಎಂದ. ಏನು ಮಾಡಿದರೂ ನೀರಲ್ಲಿ ಹೋಮ. ಹೀಗೇ ಹೋದರೆ ಬಾಗಿಲು ಹಾಕಬೇಕು ಎಂದು ಒಂದು ದಿನ ಬಾಯಿ ಬಿಟ್ಟೇ ಹೇಳಿದ. ಹಾರ್ಡ್‌ವೇರ್ ಅಂಗಡಿಯ ಕುರ್ಚಿ ಮತ್ತೆ ಮನೆಯವರ ಕಣ್ಣ ಮುಂದೆ ಬಂತು.

ಮೇಷ್ಟ್ರು ಹಳೇ ಪಾಠಗಳನ್ನೂ ಹೊಸ ಪಾಠಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೊಸದರಲ್ಲಿ ತಾವು ಎಲ್ಲೂ ನಿಂತೇ ಇಲ್ಲ. ಯಾಕೆಂದರೆ ಸೂಜಿ ನಿಂತಿಲ್ಲ.

"ಇವಳೇ, ಬಾ ಇಲ್ಲಿ" ಎಂದು ಕರೆದರು. ಹಲಗೆಯ ಮೇಲೆ ಇನ್ನೂ ಮಾಡದ ಪಾಠದ ಒಂದು ಲೆಕ್ಕ ಬರೆದರು. "ಮಾಡು."

ಅವಳು ಸೀಮೆಸುಣ್ಣ ಹಿಡಿದು ನೋಡಿದಳು. ಒಂದು ಕಡೆ ತಪ್ಪಿದಳು, ತಾನೇ ಅಳಿಸಿದಳು, ಮಾಡಿದಳು. ಉತ್ತರ ಸರಿಯಾಗಿತ್ತು.

ಮೇಷ್ಟ್ರು ತಲೆಗೆ ಕೈ ಕೊಟ್ಟು ಕೂತರು. "ಕೆಟ್ಟೆಯಲ್ಲೇ! ಕಲಿತುಬಿಟ್ಟೆಯಲ್ಲೇ!"

"ಕಲಿತರೆ ಬೈತೀರಲ್ಲ, ಎಂಥ ಮೇಷ್ಟ್ರು ನೀವು?"

"ಸೂಜಿ ನಿಲ್ತಾನೇ ಇಲ್ಲ ಕಣೇ. ನಾನು ನಿನ್ನ ಸೂಜಿ ನೋಡ್ಕೊಂಡು ಪಾಠ ಮಾಡ್ತಿದ್ದೆ ಇಷ್ಟು ದಿನ."

ಅವಳಿಗೆ ಅವತ್ತು ಗೊತ್ತಾಯಿತು. ಇಷ್ಟು ವರ್ಷ ಇವರು ತನ್ನ ಕೈ ನೋಡುತ್ತಿದ್ದರು. "ಅನ್ನ ಇಡ್ತೀನಿ" ಎಂದು ಒಳಗೆ ಹೋದಳು.

ಮಾರನೇ ದಿನ ಗೇಟಿಗೆ ಒಂದು ರಟ್ಟು ನೇತುಬಿತ್ತು. ಮೇಷ್ಟ್ರದೇ ಅಕ್ಷರ: "ಲೆಕ್ಕ ಗೊತ್ತಿಲ್ಲದವರು ಬೇಕಾಗಿದ್ದಾರೆ. ಕೂತು ಕೇಳುವ ಕೆಲಸ. ಸಂಬಳ ಉಂಟು. ಗೊತ್ತಿರುವವರು ಬರಬಾರದು."

ಬಂದರು ನೋಡಿ ಜನ! ರಿಟೈರಾದ ಬಸ್ ಡ್ರೈವರ್ ಬಂದು ಕೂತ ಕೂಡಲೇ ಗೊರಕೆ ಹೊಡೆದ. ಕರೆಂಟ್ ರಿಪೇರಿಯವನಿಗೆ ಸ್ವಲ್ಪ ಗೊತ್ತಿತ್ತು. ಕೆಲಸ ಸಿಗಲೆಂದು ಗೊತ್ತಿಲ್ಲದವನ ಹಾಗೆ ನಟಿಸಿದ, ಸಿಕ್ಕಿಬಿದ್ದ. ಬೀದಿ ತುದಿಯ ಇಸ್ತ್ರಿಯವಳು ಮಾತ್ರ ಬಂದು ನೆಟ್ಟಗೆ ಕೂತು, "ಸಾರ್, ನಂಗೆ ಏನಂದ್ರೆ ಏನೂ ಗೊತ್ತಿಲ್ಲ. ತಿಳೀದಿದ್ರೆ ಬಾಯ್ಬಿಟ್ಟು ಹೇಳ್ತೀನಿ. ಬೈಯಂಗಿಲ್ಲ" ಎಂದಳು. ಮೇಷ್ಟ್ರಿಗೆ ಸ್ವರ್ಗ ಸಿಕ್ಕಂತಾಯಿತು. ಬೆಳಗಿನ ಇಸ್ತ್ರಿ ಮುಗಿಸಿ ಅವಳು ಬರುತ್ತಿದ್ದಳು. ಒಬ್ಬರು ಕಲಿತ ಮೇಲೆ ಇನ್ನೊಬ್ಬರು ಎಂಬ ಪದ್ಧತಿ ಆಯಿತು. ಬಿಟ್ಟು ಹೋದವರು ತಿರುಗಿ ಬಂದರು.

ಮೇಷ್ಟ್ರ ಹೆಂಡತಿ ಫೋನಿಗೆ ಕೂತಳು. ಸಂಶಯ ಕೇಳಲು ತಾಯಂದಿರು ಫೋನು ಮಾಡುತ್ತಿದ್ದರು. ಅವಳು ಗದರಿಕೊಂಡೇ ಹೇಳಿಕೊಡುತ್ತಿದ್ದಳು. ಅವರಿಗೆ ಅದೇ ಇಷ್ಟ.

ಒಂದು ಮಧ್ಯಾಹ್ನ ಮೇಷ್ಟ್ರು ಸಮರೂಪ ತ್ರಿಭುಜದ ಪಾಠ ಮಾಡುತ್ತಿದ್ದರು. ಮರ ಹತ್ತದೆ ಮರದ ಎತ್ತರ ಅಳೆಯುವುದು ಹೇಗೆ ಎಂಬುದು. ಹಲಗೆಯ ಮೇಲೆ ದೊಡ್ಡ ಮರ ಬರೆದರು. ಎಲೆ ಬರೆದರು. ಕೊಂಬೆಯ ಮೇಲೆ ಹಕ್ಕಿ ಬರೆದರು. ಬಲಗಡೆ ಉದ್ದಕ್ಕೆ ನೆರಳು ಎಳೆದರು. ಆಮೇಲೆ ಎದೆ ಒತ್ತಿಕೊಂಡು ಕೂತರು. "ಇವಳೇ, ನೀರು" ಎಂದರು. ಅವಳು ನೀರು ತಂದಳು. ಕುಡಿಯಲು ಮೇಷ್ಟ್ರು ಇರಲಿಲ್ಲ.

ಜನ ಬಂದರು, ಹೋದರು. ಎಲ್ಲರೂ ಅವರ ಒಳ್ಳೆಯತನ ಹೇಳಿದರು. ಅವಳಿಗೆ ಅದು ಬೇಕಿರಲಿಲ್ಲ. ತರಕಾರಿ ಮರೆತು ಬರುವವರು ಬೇಕಿತ್ತು.

ಅವಳ ತಮ್ಮ ಹೇಳಿದ, "ಅಕ್ಕ, ಎದುರು ಬೀದಿಯ ಕೋಚಿಂಗಿನವರು ಆ್ಯಪ್ ಕೇಳ್ತಿದ್ದಾರೆ. ಕೊಟ್ಟು ಕೈ ತೊಳ್ಕೋ. ಅವರೇನೋ ಪಾಠ ಎಲ್ಲಾ ಕತ್ತರಿಸಿ ಚಿಕ್ಕದು ಮಾಡ್ತಾರಂತೆ."

ಗಡಿಯಾರ ಬಾಗಿಲ ಹತ್ತಿರ ನಿಂತಿದ್ದ. "ಪರೀಕ್ಷೆ ಹತ್ರ ಇದೆ ಅಮ್ಮ. ಮರದ ಪಾಠ ಅರ್ಧಕ್ಕೇ ನಿಂತಿದೆ. ಹೊಸ ಮೇಷ್ಟ್ರು ಬರೋ ತನಕ..."

"ಮುಚ್ಚು" ಎಂದಳು ಅವಳು. "ಪಕ್ಕದ ಮನೇಲೂ ಅವರ ಧ್ವನಿ, ಬೀದೀಲೂ ಅವರ ಧ್ವನಿ. ಮನೇಲಿ ಮಾತ್ರ ಇಲ್ಲ. ಎಲ್ಲಾ ಮುಚ್ಚು."

ಗಡಿಯಾರ ತಲೆ ತಗ್ಗಿಸಿ ಹೊರಗೆ ಹೋದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಾಯಿಗೆ ಬಂದದ್ದು ಬೈದು ಇಡೋಣ ಎಂದು ಎತ್ತಿದಳು. ಯಾವುದೋ ತಾಯಿ.

"ಅಕ್ಕಾ, ವಿಷಯ ಗೊತ್ತಾಯ್ತು. ಈಗ ಕೇಳಬಾರದು. ನನ್ನ ಮಗಳು ಎರಡು ಸಲ ಫೇಲು. ಈ ಸಲವೂ ಆದ್ರೆ ಅವರಪ್ಪ ಓದು ಬಿಡಿಸ್ತಾರೆ. ಆ ಮರದ ಲೆಕ್ಕ..."

"ಕೇಳಬಾರದು ಅಂತೀಯ, ಕೇಳ್ತಾನೂ ಇದ್ದೀಯ."

"ತಪ್ಪಾಯ್ತು ಅಕ್ಕ."

"ಅಳಬೇಡ. ನಾಳೆ ನೋಡು ಅಂತ ಹೇಳು ಅವಳಿಗೆ."

ಹೇಳಿ ಇಟ್ಟ ಮೇಲೆ ಅವಳಿಗೇ ಭಯವಾಯಿತು. ನಾಳೆ ಯಾರು ಮಾಡುತ್ತಾರೆ? ಗಡಿಯಾರ ಹುಡುಕಿದ ಮೇಷ್ಟ್ರೊಬ್ಬರು ಮುಂದಿನ ತಿಂಗಳು ಬರುತ್ತೇನೆ ಎಂದಿದ್ದರು. ನಾಳೆಗೆ ಇದ್ದವಳು ಅವಳೊಬ್ಬಳೇ.

ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲು ತೆಗೆದಳು. ಯಾರೂ ಒಳಗೆ ಹೋಗಿರಲಿಲ್ಲ. ಮರ ಹಾಗೇ ಇತ್ತು. ಇಸ್ತ್ರಿಯವಳು ಬಂದು ಕುರ್ಚಿಯಲ್ಲಿ ಕೂತಳು. "ನನ್ನ ಮುಖ ಬೇಡ, ಹಲಗೆ ಮಾತ್ರ ತೋರಿಸು" ಎಂದಳು ಮೇಷ್ಟ್ರ ಹೆಂಡತಿ, ಗಡಿಯಾರನಿಗೆ.

ಅವಳು ಮರ ಮುಟ್ಟಲಿಲ್ಲ. ಬಲಗಡೆ ನೆರಳು ಜಾಗ ತಿಂದಿತ್ತು. ಮರದ ಎಡಕ್ಕೆ ಒತ್ತಿ ಒಂದು ಕೋಲು ಬರೆದಳು, ಅದರ ನೆರಳನ್ನು ಖಾಲಿ ಇದ್ದ ಎಡಕ್ಕೇ ಎಳೆದಳು. ಬೇಗ ಬೇಗ ಹೇಳಿದಳು. ಮುಗಿಸಿ ಹೊರಗೆ ಹೋದರೆ ಸಾಕಿತ್ತು.

"ಒಂದೇ ಸೂರ್ಯ, ಒಂದೇ ಹೊತ್ತು. ಕೋಲಿನ ನೆರಳು ಕೋಲಿನ ಎರಡರಷ್ಟಿದ್ರೆ, ಮರದ ನೆರಳೂ ಮರದ ಎರಡರಷ್ಟು. ನೆರಳು ಅಳೆ, ಅರ್ಧ ಮಾಡು. ಮರದ ಎತ್ತರ ಸಿಕ್ತು. ಮುಗೀತು."

"ಅಕ್ಕಾ" ಎಂದಳು ಇಸ್ತ್ರಿಯವಳು. "ನಂಗೆ ತಿಳೀಲಿಲ್ಲ."

"ಏನು ತಿಳೀಲಿಲ್ಲ?"

"ಒಂದೇ ಸೂರ್ಯ ಅಂದ್ರಿ. ಮರದ ನೆರಳು ಆ ಕಡೆ ಬಿದ್ದಿದೆ. ಕೋಲಿನ ನೆರಳು ಈ ಕಡೆ ಬಿದ್ದಿದೆ. ಅದು ಹೆಂಗಾಗುತ್ತೆ?"

ಅವಳು ಹಲಗೆ ನೋಡಿದಳು. ನಿಜ. ಕೋಲನ್ನು ಅಳಿಸಿ ಸರಿ ಮಾಡಲು ಬಲಗಡೆ ಜಾಗವಿರಲಿಲ್ಲ; ಎಡಗಡೆಯೇ ನೆರಳು ತಿರುಗಿಸಿದರೆ ಅದು ಮರದ ನೆರಳಿಗೇ ಕೂಡಿ ಒಂದೇ ಗೆರೆಯಾಗುತ್ತಿತ್ತು. ಮರ ಹೋಗಬೇಕಿತ್ತು.

ಗಡಿಯಾರನಿಗೂ ಅರ್ಥವಾಯಿತು. "ಅಮ್ಮ, ಬೇಡ. ಬೇರೆ ಹಲಗೆ ತರ್ತೀನಿ. ಸಂಜೆ ಮಾಡೋಣ."

"ಸಂಜೆಗೆ ನಾನು ಮಾಡಲ್ಲ. ನಂಗೆ ಗೊತ್ತು ನನ್ನ ಬುದ್ಧಿ."

ಬಟ್ಟೆ ತೆಗೆದುಕೊಂಡಳು. ಮೊದಲು ನೆರಳು ಒರೆಸಿದಳು. ಆಮೇಲೆ ಕಾಂಡ. ಎಲೆಗಳ ಸುಣ್ಣ ಹಲಗೆಗೆ ಕಚ್ಚಿತ್ತು, ಒತ್ತಿ ಒರೆಸಬೇಕಾಯಿತು. ಲೆಕ್ಕಕ್ಕೆ ಹಕ್ಕಿ ಯಾಕೆ ಬೇಕಿತ್ತೋ ಈ ಮನುಷ್ಯನಿಗೆ. ಅದನ್ನೂ ಒರೆಸಿದಳು. ಇಸ್ತ್ರಿಯವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮೇಷ್ಟ್ರ ಹೆಂಡತಿ ಅಳಲಿಲ್ಲ. ಕೈಯ ಸುಣ್ಣವನ್ನು ಸೀರೆಗೆ ಒರೆಸಿ, ಹಲಗೆಯ ನಡುವೆ ನೆಟ್ಟಗೆ ಒಂದು ಗೆರೆ ಎಳೆದಳು.

"ಇದು ಮರಾನಾ ಅಕ್ಕ?"

"ಹೂಂ, ಮರ. ಅವರಷ್ಟು ಚೆಂದ ನಂಗೆ ಬರಲ್ಲ. ಇಷ್ಟರಲ್ಲೇ ಲೆಕ್ಕ ನಡೆಯುತ್ತೆ." ಪಕ್ಕದಲ್ಲಿ ಚಿಕ್ಕ ಗೆರೆ ಎಳೆದಳು. "ಇದು ಕೋಲು. ಈಗ ಸೂರ್ಯ ಯಾವ ಕಡೆ ಇಡೋಣ, ನೀನೇ ಹೇಳು."