ಎಡಗೈಯ ಕಂದೀಲು

ನಮ್ಮ ಜಪಾನಿ ಕಾರ್ಟೂನ್ ಮೇಳದ ಐದನೇ ವರ್ಷದ ಸ್ಮರಣ ಸಂಚಿಕೆಯಲ್ಲಿ ಮೇಳ ನಡೆದು ಬಂದ ದಾರಿಯ ಬಗ್ಗೆ ಮೂರು ಪುಟದ ಲೇಖನವಿದೆ. ಬರೆದವನು ನಾನು, ಗುರಪ್ಪ, ಜಮಖಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತ, ಮೇಳದ ಕಾರ್ಯದರ್ಶಿ. ಆ ಮೂರು ಪುಟದಲ್ಲಿ ಬನಹಟ್ಟಿಯ ನೇಕಾರ ಶಿವಯೋಗೆಪ್ಪನ ಹೆಸರು ಒಂದು ಸಲವೂ ಬಂದಿಲ್ಲ. ಮರೆತದ್ದಲ್ಲ. ಬರೆದಿದ್ದೆ, ಆಮೇಲೆ ನನ್ನ ಕೈಯಿಂದಲೇ ಹೊಡೆದುಹಾಕಿದೆ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ. ಈಗಲಾದರೂ ಖರೆ ಬರೆಯುತ್ತೇನೆ.

ಮೇಳ ಹುಟ್ಟಿದ್ದು ಶಿವಯೋಗೆಪ್ಪನ ಮಗ್ಗದ ಮನೆಯಲ್ಲಿ, ೧೯೯೨ರಲ್ಲಿ. ಸೋಲಾಪುರದ ನೂಲಿನ ವ್ಯಾಪಾರಿಯೊಬ್ಬ ಅವನ ಮನೆಯಲ್ಲಿ ನಾಲ್ಕು ವಿಡಿಯೋ ಕ್ಯಾಸೆಟ್ ಬಿಟ್ಟು ಹೋಗಿದ್ದ. ಬಾಡಿಗೆ ವಿಸಿಆರ್ ತಂದು ಹಾಕಿದರೆ ಜಪಾನಿ ಭಾಷೆಯ ಕಾರ್ಟೂನು. ಒಬ್ಬ ಹುಡುಗಿಯ ತಮ್ಮ ಕಳೆದುಹೋಗಿದ್ದಾನೆ. ಮೊದಲ ಕ್ಯಾಸೆಟ್ಟಿನಲ್ಲೇ ಅವಳ ಬಲಗೈ ಸುಟ್ಟುಹೋಗುತ್ತದೆ. ಅಲ್ಲಿಂದ ಕೊನೆಯವರೆಗೆ ಎಡಗೈಯಲ್ಲಿ ಕಂದೀಲು ಹಿಡಿದು ಗುಡ್ಡ, ಹೊಳೆ ದಾಟಿ ತಮ್ಮನನ್ನು ಹುಡುಕುತ್ತಾಳೆ. ಮಾತು ಒಂದೂ ತಿಳಿಯದು. ಶಿವಯೋಗೆಪ್ಪ ಅದನ್ನು ಇಪ್ಪತ್ತು ಸಲ ನೋಡಿ, ಮುಖ ನೋಡಿಯೇ ಮಾತು ಕಟ್ಟಿ, ಟಿವಿಯ ಪಕ್ಕ ಕುಳಿತು, ಸುದ್ದಿ ಕೇಳಿ ಸುತ್ತಲಿನ ಊರುಗಳಿಂದ ಬರುತ್ತಿದ್ದ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವನ ಬಾಯಲ್ಲಿ ಆ ಹುಡುಗಿ ಬನಹಟ್ಟಿಯ ಓಣಿಯವಳೇ ಎಂಬಂತೆ ಮಾತಾಡುತ್ತಿದ್ದಳು.

ಅವನ ಹೆಂಡತಿ ಭಾಗವ್ವ ಕಂಡಿಕೆಗೆ ನೂಲು ಸುತ್ತುತ್ತ ಬೈಯುತ್ತಿದ್ದಳು. "ನಾಲ್ವತ್ತು ವರ್ಷದ ಗಂಡಸ ಗೊಂಬಿ ನೋಡ್ಕೋತ ಕುಂಡರತಾನ್ರಿ. ಮಂದಿ ನಗಾಕತ್ತಾರ." ಬೈದವಳೇ, ತಮ್ಮನ ಚಪ್ಪಲಿ ಹೊಳೆಯ ದಂಡೆಯಲ್ಲಿ ಸಿಗುವ ಕಡೆ ಬಂದಾಗ ಕೈ ನಿಲ್ಲಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅಮಾವಾಸ್ಯೆಯ ದಿನ ನಾವೆಲ್ಲ ಕೂಡಬೇಕೆಂದು ಹೇಳಿದವನೂ ಅವನೇ. ಬೇರೆ ದಿನ ಆ ಓಣಿಯಲ್ಲಿ ಮಗ್ಗದ ಸದ್ದಿಗೆ ಪಕ್ಕದವನ ಮಾತೂ ಕೇಳುವುದಿಲ್ಲ. ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ; ಊರು ತಣ್ಣಗಿರುತ್ತದೆ. ಮೊದಲ ಮೇಳಕ್ಕೆ ತೇರದಾಳ, ಮಹಾಲಿಂಗಪುರ, ಮುಧೋಳ, ಬೀಳಗಿ ಎಲ್ಲ ಸೇರಿ ಹತ್ತೊಂಬತ್ತು ಜನ. ಗಲಗಲಿಯ ಇಬ್ಬರು ಹೆಣ್ಣುಮಕ್ಕಳು ಬಲಗೈಗೆ ಅರಿಶಿಣದ ಪಟ್ಟಿ ಸುತ್ತಿಕೊಂಡು, ಎಡಗೈಯಲ್ಲಿ ಮನೆಯ ಕಂದೀಲು ಹಿಡಿದು ಬಸ್ಸಿನಲ್ಲಿ ಬಂದಿದ್ದರು. ಕಂಡಕ್ಟರ್ ಏನು ಅಂದುಕೊಂಡನೋ. ಭಾಗವ್ವ ಎಲ್ಲರಿಗೂ ಚುರುಮುರಿ ಕೊಟ್ಟಳು. ಅಂಥ ಸಂತೋಷದ ದಿನ ನನಗೆ ಮತ್ತೆ ಬರಲಿಲ್ಲ.

ಅವತ್ತು ಜಮಖಂಡಿಯ ಬಾಳಾಸಾಹೇಬರೂ ಬಂದಿದ್ದರು. ಕಬ್ಬಿನ ಜಮೀನುದಾರರು, ಮನೆಯಲ್ಲಿ ದೊಡ್ಡ ಟಿವಿ, ಕಾರ್ಯಕ್ರಮ ಮಾಡುವಂಥ ಹಜಾರ. ಅವರಿಗೆ ಮೇಳ ಬಹಳ ಹಿಡಿಸಿತು. ಹಿಡಿಸಿದ್ದನ್ನೆಲ್ಲ ತಮ್ಮದು ಮಾಡಿಕೊಳ್ಳುವ ಮನುಷ್ಯ ಅವರು. "ಇಷ್ಟು ಛಲೋದ್ದು ಮಗ್ಗದ ಸಂದ್ಯಾಗ ಯಾಕ್ರಿ? ಮುಂದಿನ ವರ್ಷ ನಮ್ಮಲ್ಲಿ ಮಾಡೂಣು" ಎಂದರು. ನನ್ನನ್ನು ಜೀಪಿನಲ್ಲಿ ಮುಂದೆ ಕೂರಿಸಿಕೊಂಡು ಊರಿಗೆ ಕರೆದೊಯ್ದರು. ಒಂದು ಜೀಪಿಗೆ ನಾನು ಬಿದ್ದುಹೋದೆ, ಅಷ್ಟೇ.

ಎರಡನೇ ಮೇಳದ ವೇದಿಕೆಗೆ ಕಟ್ಟಲೆಂದು ಶಿವಯೋಗೆಪ್ಪ ಒಂದು ಬಟ್ಟೆ ನೇಯ್ದ. ಟೇಪು ನಿಲ್ಲಿಸಿ ನಿಲ್ಲಿಸಿ ಹುಡುಗಿಯನ್ನು ಚೌಕಳಿ ಕಾಗದದ ಮೇಲೆ ಇಳಿಸಿಕೊಂಡು, ಆಳೆತ್ತರಕ್ಕೆ ರೇಷ್ಮೆಯಲ್ಲಿ ತೆಗೆದ. ಹಜಾರದಲ್ಲಿ ಬಿಚ್ಚಿ ಕಟ್ಟಿದೆವು. ಚೆಂದವೆಂದರೆ ಚೆಂದ. ಆದರೆ ಕಂದೀಲು ಬಲಗೈಯಲ್ಲಿತ್ತು.

ನೇಕಾರರ ಕೈಯಿಂದ ಮಾತ್ರ ಆಗುವ ತಪ್ಪು ಅದು. ಚಿತ್ರ ತೆಗೆಯುವಾಗ ಬಟ್ಟೆಯ ಹಿಂಭಾಗ ಅವರ ಕಣ್ಣೆದುರು ಇರುತ್ತದೆ, ಹೊರಗೆ ಕಾಣುವ ಮುಖ ಕೆಳಗೆ ಇರುತ್ತದೆ. ಸೀರೆಯ ಸೆರಗಿನಲ್ಲಿ ಗೋಪುರ, ಹೂವು, ಎದುರುಬದುರು ಹಂಸ. ಯಾವುದಕ್ಕೂ ಎಡ-ಬಲದ ಹಂಗಿಲ್ಲ. ಇಪ್ಪತ್ತೈದು ವರ್ಷದ ರೂಢಿಯಲ್ಲಿ ಅವನು ಕಾಗದದಲ್ಲಿದ್ದಂತೆಯೇ ನೇಯ್ದುಬಿಟ್ಟಿದ್ದ; ಮುಖದ ಕಡೆ ಎಡವೆಲ್ಲ ಬಲವಾಗಿತ್ತು.

ಮುಧೋಳದವನೊಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಬಾಳಾಸಾಹೇಬರು, "ಈ ಮನಶಾಗ ಕಥಿನ ತಿಳಿದಿಲ್ಲ, ನಮಗ ಕಥಿ ಹೇಳತಾನ" ಎಂದರು. ಆ ಕಥೆ ಅವರ ಬಾಯಿಗೆ ಬಂದದ್ದೇ ಅವನಿಂದ. ನಾನೂ ನಕ್ಕೆ. ನಗು ಬಂದಿರಲಿಲ್ಲ, ಆದರೂ ನಕ್ಕೆ.

ಬಟ್ಟೆ ತಿರುವಿ ಕಟ್ಟಿದರೆ ಆದೀತಲ್ಲ ಎಂದು ಯಾರೋ ಹೇಳಿದರು. ಶಿವಯೋಗೆಪ್ಪ ಒಪ್ಪಲಿಲ್ಲ. ಹಿಂದಿನ ಮಗ್ಗುಲಲ್ಲಿ ಎಳೆ ಜೋತಾಡುತ್ತಿರುತ್ತವೆ. "ಹಿಂದಿನ ಮಗ್ಗಲ ಮಂದಿಗಿ ತೋರಸೂದಂದ್ರ ನೇಕಾರನ ಮಾನ ಹೋದಂಗ್ರಿ. ನಾ ಹೊಸಾದ ನೇಯ್ದ ತರ್ತೀನಿ. ಕಟ್ಟತೀರಿಲ್ರಿ, ಗುರಪ್ಪನವರ?"

"ಕಟ್ಟೂಣು ಬಿಡು. ನಾ ಅದೀನಿಲ್ಲ" ಎಂದೆ.

ಆ ಮಾತನ್ನು ಅವನು ಮೂರು ವರ್ಷ ಹಿಡಿದುಕೊಂಡು ಕುಳಿತ. ನಿತ್ಯ, ನೂಲು ಕೊಟ್ಟು ಕೂಲಿಗೆ ನೇಯಿಸುವ ಮಾಲಕರ ಸೀರೆಯ ಕೆಲಸ. ಬಿಡುವೆಂದರೆ ಅಮಾವಾಸ್ಯೆ ಒಂದೇ. ಮೂಲೆಯಲ್ಲಿದ್ದ ಅಪ್ಪನ ಕಾಲದ ಮಗ್ಗಕ್ಕೆ ಹಾಸು ಹೂಡಿ, ತಿಂಗಳಿಗೊಮ್ಮೆ ನಾಲ್ಕು ಬೆರಳು ನೇಯುತ್ತಿದ್ದ. ಊರಿಗೆ ಊರೇ ಸುಮ್ಮನಿದ್ದ ದಿನ ಅದೊಂದೇ ಮಗ್ಗದ ಸದ್ದು. ಓಣಿಯವರು ಬಾಗಿಲಿಗೆ ಬಂದು ಛೀಮಾರಿ ಹಾಕಿದರು. ಭಾಗವ್ವ ನನ್ನ ಮುಂದೆಯೇ ಕೇಳಿದಳು. "ಅಮಾಸಿಗಿ ಮಗ್ಗಾ ಬಡದವ್ರ ಯಾರರ ಅದಾರೇನ್ರಿ ಬನಹಟ್ಟ್ಯಾಗ? ನೀವರ ಬ್ಯಾಡಂತ ಹೇಳ್ರಿ ಇವಗ." ನಾನು ಹೇಳಲಿಲ್ಲ.

ಅಷ್ಟರಲ್ಲಿ ಮೇಳವನ್ನು ರವಿವಾರಕ್ಕೆ ಬದಲಿಸಿದ್ದೆವು. ನೌಕರಿಯವರಿಗೆ ಅನುಕೂಲ ಎಂದು ಠರಾವು ಬರೆದವನೂ ನಾನೇ. ರವಿವಾರ ಮಗ್ಗಗಳಿಗೆ ರಜೆಯಿಲ್ಲ. ನೇಕಾರರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಬಂದವರು ಬಾಳಾಸಾಹೇಬರ ಬಳಗ, ನಮ್ಮಂಥ ಸಂಬಳದವರು. ಕಥೆ ಕೇಳುವುದು ಹೋಗಿ ಭಾಷಣ ಕೇಳುವುದು ಬಂತು.

ಐದನೇ ಮೇಳ ಮುಧೋಳದಲ್ಲಿ, ೧೯೯೬ರಲ್ಲಿ. ಹಿಂದಿನ ತಿಂಗಳು ನನ್ನ ಲೇಖನ ಓದಿದ ಬಾಳಾಸಾಹೇಬರು ಶಿವಯೋಗೆಪ್ಪನ ಹೆಸರಿದ್ದ ಮೊದಲ ಪ್ಯಾರಾದ ಮೇಲೆ ಬೆರಳಿಟ್ಟು, "ಇದೆಲ್ಲಾ ಯಾಕ್ರಿ? ಜಮಖಂಡಿಯಿಂದ ಶುರು ಮಾಡ್ರಿ" ಎಂದಿದ್ದರು. ಮಾಡಿದ್ದೆ.

ಶಿವಯೋಗೆಪ್ಪ ಮಾಲಕರ ಕೈಕಾಲು ಹಿಡಿದು ಅರ್ಧ ದಿನ ರಜೆ ಪಡೆದು ಬಸ್ಸಿಗೆ ಬಂದ. ಬಗಲಲ್ಲಿ ಗಂಟು. ಬೆಳ್ಳಗಿನ ಅಂಗಿ ತೊಟ್ಟಿದ್ದ. ವೇದಿಕೆಯ ಮೇಲೆ ಆಗಲೇ ಕೊಲ್ಹಾಪುರದಿಂದ ಬರೆಸಿ ತಂದ ಬ್ಯಾನರು ತೂಗುತ್ತಿತ್ತು, ಬಾಳಾಸಾಹೇಬರ ಹೆಸರು ಅಕ್ಷರಕ್ಕೆ ಮೊಳದಷ್ಟು.

"ಮುಗದೈತ್ರಿ" ಎಂದು ಗಂಟು ನನ್ನ ಕೈಗಿಟ್ಟ.

"ಕೂಡು, ಆಮ್ಯಾಲ ಕಟ್ಟಸ್ತೀನಿ" ಎಂದೆ.

ಅವನು ಹಿಂದಿನ ಸಾಲಿನಲ್ಲಿ ಕುಳಿತು ವೇದಿಕೆಯನ್ನೇ ನೋಡುತ್ತಿದ್ದ. ಕಟ್ಟಿಸುವೆನೆಂದು ಬಾಳಾಸಾಹೇಬರ ಎದುರು ಬಾಯಿ ಬಿಡಲು ನನಗೆ ಧೈರ್ಯವಾಗಲಿಲ್ಲ. ಎರಡು ಸಲ ಅವರ ಹತ್ತಿರ ಹೋಗಿ ಎರಡು ಸಲವೂ ಬೇರೆ ಏನೋ ಮಾತಾಡಿ ಬಂದೆ. ಅಷ್ಟರಲ್ಲಿ ಚಹಾದವನು ಬಂದು, "ಟೇಬಲ್ಲ ಭಾಳ ಹೊಲಸ ಐತ್ರಿ, ಹಾಸಾಕ ಏನರ ಕೊಡ್ರಿ" ಎಂದ. ನಾನು ಗಂಟು ಅವನ ಕೈಗೆ ಕೊಟ್ಟೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಕೈಯಿಂದ ಅದು ಹೋದರೆ ಸಾಕಾಗಿತ್ತು, ಕೊಟ್ಟೆ.

ಮುಖ ಮಾಸಬಾರದೆಂದು ನೇಕಾರರು ಬಟ್ಟೆಯನ್ನು ಒಳಮುಖವಾಗಿ ಮಡಚುತ್ತಾರೆ. ಚಹಾದವನು ಹೊರಗಿನ ಟೇಬಲ್ಲಿಗೆ ಅದನ್ನು ಹಿಂಭಾಗ ಮೇಲೆ ಬರುವಂತೆಯೇ ಹಾಸಿದ. ಜೋತಾಡುವ ಎಳೆಗಳ ಮೇಲೆ ಕಿಟ್ಲಿ, ಕಪ್ಪು, ಭಜಿಯ ಪರಾತ ಇಟ್ಟ. ನೂರಾರು ಜನ ಬಂದು ಚಹಾ ಕುಡಿದು ಹೋದರು. ಏನದು ಎಂದು ಒಬ್ಬರೂ ಕೇಳಲಿಲ್ಲ.

ಭಾಷಣ ಮುಗಿದ ಮೇಲೆ ಶಿವಯೋಗೆಪ್ಪ ಚಹಾಕ್ಕೆಂದು ಬಂದ. ಟೇಬಲ್ಲು ನೋಡಿ ನಿಂತ. ಕಿಟ್ಲಿಯನ್ನು ತಾನೇ ಎತ್ತಿ ನೆಲಕ್ಕಿಟ್ಟ, ಕಪ್ಪುಗಳನ್ನು ಒಂದರೊಳಗೊಂದು ಜೋಡಿಸಿಟ್ಟ, ಬಟ್ಟೆ ಎತ್ತಿ ತುದಿ ತಿರುವಿ ನನಗೊಬ್ಬನಿಗೇ ತೋರಿಸಿದ.

"ಈ ಸಲ ಎಡಗೈನ ಬಂದೈತ್ರಿ, ಗುರಪ್ಪನವರ."

ನೋಡಿದೆ. ಎಡಗೈಯೇ. ಕಂದೀಲಿನ ಮೇಲೆ ಚಹಾ ಇಳಿದು ಕಂದುಬಣ್ಣಕ್ಕೆ ತಿರುಗಿತ್ತು.

ಅವನು ಬಟ್ಟೆಯನ್ನು ಮೊದಲಿನಂತೆಯೇ ಮುಖ ಒಳಗೆ ಮಾಡಿ ಮಡಚಿದ. "ಹಾಸಾಕ ಬೇಕಾಗಿತ್ತಂದ್ರ ಮೊದಲ ಹೇಳಬೇಕಿಲ್ರಿ" ಎಂದ. "ಮನ್ಯಾಗ ಹಳಿ ಚಾದರ ಇದ್ದೂ, ತರತಿದ್ದೆ."

ಗಂಟು ಬಗಲಿಗಿಟ್ಟುಕೊಂಡು ಬನಹಟ್ಟಿಯ ಬಸ್ಸಿಗೆ ಹೋದ. ಕಾರ್ಯದರ್ಶಿಗಳು ವೇದಿಕೆಗೆ ಬರಬೇಕೆಂದು ಒಳಗಿನಿಂದ ಮೈಕಿನಲ್ಲಿ ಕರೆದರು. ನಾನು ಹೋಗಿ ಹಾರ ಹಾಕಿಸಿಕೊಂಡೆ.